ಗಂಟಿಲ್ಲದ ಬೇರು

ಅನಿಲಕುಮಾರ ಅಗೆದು ತೆಗೆದ ಮೊದಲನೆಯ ಕಡಲೆ ಗಿಡದ ಬೇರಿನಲ್ಲಿ ಏನೂ ಇರಲಿಲ್ಲ. ಮಣ್ಣಿನ ಹೆಂಟೆಯ ಸಮೇತ ಎತ್ತಿದ್ದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಮಗುವಿನ ತಲೆ ತೊಳೆಯುವಷ್ಟು ನಾಜೂಕಾಗಿ ಎರೆಮಣ್ಣನ್ನು ಬಿಡಿಸಿ, ಮೇಲೆತ್ತಿ ಬಿಸಿಲಿಗೆ ಹಿಡಿದ. ಸಣ್ಣ ಬಿಳಿ ಬೇರು, ಅದಕ್ಕೆ ಅಂಟಿದ ನಾಲ್ಕು ಎಳೆ, ಅಷ್ಟೆ. "ಇದೊಂದು ಹಿಂಗ ಇರಬೇಕು" ಎಂದು ಎರಡನೆಯದರ ಬುಡಕ್ಕೆ ಸಲಿಕೆ ಹಾಕಿದ. ಸುತ್ತ ನಿಂತಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡು ಇನ್ನಷ್ಟು ಹತ್ತಿರ ಬಂದರು.

ಒಡ್ಡಿನ ಮೇಲೆ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ ಹುಲ್ಲಪ್ಪನಿಗೆ ಇವರು ನೆಲದೊಳಗೆ ಏನು ಹುಡುಕುತ್ತಿದ್ದಾರೆಂದು ನಗು ಬಂತು. ಮೊಳದ ಹತ್ತಿರ ಬಂದ ಕಪ್ಪುಹಸಿರು ಕಡಲೆ ಕಣ್ಣ ಮುಂದಿದೆ. ಅದನ್ನು ಬಿಟ್ಟು ಬುಡ ತೊಳೆದು ನೋಡುವವರು, ಸಂತೆಯಲ್ಲಿ ಎತ್ತು ಕೊಳ್ಳಲು ಹೋಗಿ ಅದರ ಗೊರಸಿಗೆ ಮೆತ್ತಿದ ಕೆಸರನ್ನು ಪರೀಕ್ಷೆ ಮಾಡುವ ಜಾತಿಯವರು. ಬಂದಾಗಿನಿಂದ ಅವನು ಇವರನ್ನು ನೋಡುತ್ತಲೇ ಇದ್ದ. ವಿಜ್ಞಾನಿ ಎನಿಸಿಕೊಂಡ ಅನಿಲಕುಮಾರನೆಂಬ ಈ ಹುಡುಗ ಬಿಳಿ ಬೂಟು ಹಾಕಿಕೊಂಡು ಎರೆಹೊಲಕ್ಕೆ ಇಳಿದಿದ್ದ. ಹುನಗುಂದದ ಕಚೇರಿಯಿಂದ ಜೀಪಿನಲ್ಲಿ ಬಂದ ಅಧಿಕಾರಿ ಮಹೇಶ್ವರಿ ಮೇಡಂ ಎಂಬಾಕೆ ಶಾಮಿಯಾನಾದ ನೆರಳು ದಾಟಿ ಬರುವ ಮೊದಲು ಹೊಲದಲ್ಲಿ ಹಾವು ಇವೆಯೇ ಎಂದು ಕೇಳಿದ್ದಳು. ಎರಡು ಗಳಗಳ ನಡುವೆ ಕಟ್ಟಿದ ಬ್ಯಾನರಿನಲ್ಲಿ ‘ಕ್ಷೇತ್ರೋತ್ಸವ’ ಎಂದು ಬರೆದಿತ್ತು. ಚಹಾದ ಲೋಟಗಳು ಆಗಲೇ ಬದುವಿನ ಗುಂಟ ಬಿದ್ದಿದ್ದವು. ಇಂಥವರು ಬಂದು ತನಗೆ ಒಕ್ಕಲುತನ ಕಲಿಸುವ ಕಾಲ ಬಂತಲ್ಲ ಎಂದು ಹುಲ್ಲಪ್ಪ ಬದುವಿನಾಚೆ ಉಗಿದ.

ಆದರೂ ಅವನು ತೊಳೆದ ಧೋತರ ಉಟ್ಟಿದ್ದ. ರುಮಾಲನ್ನು ಎರಡು ಸಲ ಬಿಚ್ಚಿ ಸುತ್ತಿಕೊಂಡಿದ್ದ. ಗುಡೂರಿನ ಅರ್ಧ ಊರು ತನ್ನ ಹೊಲಕ್ಕೆ ಬಂದ ದಿನ ಅದು. ಕಡಲೆ ಚೆನ್ನಾಗಿದೆಯೆಂದು ಯಾರಾದರೂ ಹೇಳುತ್ತಾರೆ, ಹೇಳಿದಾಗ ತಾನು ಏನೂ ಕೇಳಿಸದವನಂತೆ ಆಕಾಶ ನೋಡಬೇಕು ಎಂದುಕೊಂಡಿದ್ದ.

ಇದೆಲ್ಲ ಸೊಸೆ ಸುಧಾರಾಣಿಯ ಕಾರುಬಾರು. ಕಲಾದಗಿಯಿಂದ ಬಂದ ಹುಡುಗಿ, ಬಿ.ಎ. ಓದಿದವಳು. ಗಂಡ ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕಲ್ಲಿಗೆ ಪಾಲಿಶ್ ಹೊಡೆಯಲು ಹೋದರೆ ಇವಳು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಮನೆಮನೆ ತಿರುಗುವಳು. ಕೃಷಿ ಸಖಿ ಅಂತೆ. ಹೊಲಕ್ಕೆ ಸಖಿ ಯಾಕೆ ಬೇಕು ಎಂದು ಹುಲ್ಲಪ್ಪ ವರ್ಷವಿಡೀ ಕೇಳಿದ್ದ, ಉತ್ತರ ಬೇಕಾಗಿ ಕೇಳಿದ್ದಲ್ಲ. ಆ ಕೆಲಸಕ್ಕೆ ಅವಳನ್ನು ಒಂದು ವರ್ಷ ಪರೀಕ್ಷೆಗೆಂದು ಇಟ್ಟುಕೊಂಡಿದ್ದರು. ಇವತ್ತಿನದು ಸರಿಯಾದರೆ ಮುಂದುವರಿಯುವುದು, ತಪ್ಪಿದರೆ ಪಕ್ಕದ ಊರಿನ ಇನ್ನೊಬ್ಬಳಿಗೆ ಹೋಗುವುದು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಇದು. ಅವಳ ಸಂಘದ ಹೆಂಗಸರು ಅವಳ ಮಾತು ನಂಬಿ ತಮ್ಮ ತಮ್ಮ ಹೊಲಗಳಲ್ಲೂ ಅದೇ ಪುಡಿ ಹಚ್ಚಿ ಬಿತ್ತಿದ್ದರು.

ಪುಡಿಯ ಸುದ್ದಿ ಮನೆಗೆ ಬಂದದ್ದು ಬಿತ್ತನೆಗೆ ಮೊದಲು. ಇದ್ದಿಲ ಪುಡಿಯಂಥ ಕರೀ ಪುಡಿ, ಸಣ್ಣ ಪಾಕೀಟುಗಳಲ್ಲಿ. ಅದರಲ್ಲಿ ಕಣ್ಣಿಗೆ ಕಾಣದ ಜೀವ ಇವೆಯಂತೆ, ಕಡಲೆಯ ಬೇರಿಗೆ ಹತ್ತಿ ಗಂಟು ಕಟ್ಟುತ್ತವಂತೆ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವಂತೆ. ಯೂರಿಯಾ ಬೇಡ, ಮುಂದಿನ ಜೋಳಕ್ಕೂ ನೆಲದಲ್ಲಿ ಉಳಿಯುತ್ತದಂತೆ. ಇಷ್ಟನ್ನೂ ಸೊಸೆ ಒಲೆಯ ಮುಂದೆ ಕುಳಿತು ಅತ್ತೆ ಸಾವಂತ್ರವ್ವನಿಗೆ ವಿವರಿಸುವಾಗ ಹುಲ್ಲಪ್ಪ ಪಡಸಾಲೆಯಲ್ಲಿ ಕುಳಿತು ಕೇಳಿದ್ದ. ಪಾಕೀಟುಗಳಿಗೆ ಬಿಸಿಲು ತಾಗಬಾರದೆಂದು ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಕೊಡದ ಮಗ್ಗುಲಲ್ಲಿ ಇಟ್ಟಳು. ಬಾಣಂತಿ ಕೋಣೆಯಲ್ಲಿ ಕೂಸು ಮಲಗಿಸಿದ ಹಾಗೆ. ಬೀಜಕ್ಕೆ ಹಚ್ಚುವ ದಿನ ಬೆಲ್ಲದ ಪಾಕ ಕಾಸಿ, ಆರಿಸಿ, ಪುಡಿ ಕಲಸಿ, ಕಡಲೆಗೆ ಸವರಿ, ನೆರಳಲ್ಲಿ ಹರವಲು ಅವನ ಕಂಬಳಿ ಕೇಳಿದಳು.

"ಬೀರಪ್ಪ ದೇವರ ಕಂಬಳಿ ಮ್ಯಾಲ ಹುಳಾ ಒಣಗಸ್ತಿಯೇನು?" ಎಂದಿದ್ದ ಅವನು.

ಅವಳು ತನ್ನ ಹಳೆಯ ಸೀರೆ ತಂದು ಹಾಸಿದ್ದಳು.

ಒಡ್ಡಿನ ಕೆಳಗಿನ ತುಂಡನ್ನು ಅವಳಿಗೆ ಬಿಟ್ಟುಕೊಟ್ಟದ್ದು ಸಾವಂತ್ರವ್ವನ ಕಾಟ ತಾಳದೆ. ಸುಧಾರಾಣಿ ಆ ತುಂಡನ್ನು ನಡುವೆ ಸೀಳಿ ಗೂಟ ಹೊಡೆದಿದ್ದಳು. ಗೂಟಗಳಿಗೆ ಇಳಕಲ್ ಸೀರೆಯ ಕೆಂಪು ಸೆರಗಿನ ಚಿಂದಿ ಕಟ್ಟಿದ್ದಳು. ಮೂಡಣ ಅರ್ಧಕ್ಕೆ ಪುಡಿ ಹಚ್ಚಿದ ಬೀಜ, ಪಡುವಣ ಅರ್ಧಕ್ಕೆ ಬರೀ ಬೀಜ. ಮತ್ತೇನೂ ಹಾಕಕೂಡದು, ಗೊಬ್ಬರ ಬೇಡ, ಈ ತುಂಡಿನಲ್ಲಿ ಈ ಸಲ ಕುರಿಯೂ ಬೇಡ ಎಂದು ಒತ್ತಿ ಹೇಳಿದ್ದಳು. ಹಾಗಿದ್ದರೆ ಮಾತ್ರ ಯಾವುದರಿಂದ ಏನಾಯಿತೆಂದು ಗೊತ್ತಾಗುವುದು.

ಕುರಿ ಬೇಡ ಎಂದದ್ದು ಹುಲ್ಲಪ್ಪನ ಎದೆಗೆ ನಾಟಿತ್ತು. ಹಿಂಗಾರಿ ಬಿತ್ತನೆಗೆ ಮೊದಲು ಹೊಲದಲ್ಲಿ ಕುರಿ ತರುಬಿಸುವುದು ಅವನ ಅಪ್ಪ, ಅಜ್ಜ ಮಾಡಿಕೊಂಡು ಬಂದದ್ದು. ಸುತ್ತ ಬಲೆ ಕಟ್ಟಿ, ರಾತ್ರಿಯಿಡೀ ಹಿಂಡನ್ನು ಒಂದೇ ಕಡೆ ಮಲಗಿಸಿದರೆ ಹಿಕ್ಕಿ, ಉಚ್ಚೆ ಎಲ್ಲ ನೆಲಕ್ಕೆ ಇಳಿಯುತ್ತದೆ, ಮೂರು ಬೆಳೆಯ ತನಕ ಹೊಲ ಹಸಿರಾಗಿ ನಿಲ್ಲುತ್ತದೆ. ಕುರಿ ಕಾಯುವ ವಂಶದವನ ಹೊಲಕ್ಕೆ ಕುರಿ ಬೇಡ, ಪಾಕೀಟಿನ ಹುಳ ಬೇಕು. ಹುಳ ಏನು ಮಾಡುತ್ತದೆಂದು ಅವನಿಗೆ ಗೊತ್ತಿತ್ತು. ಏನೂ ಮಾಡುವುದಿಲ್ಲ. ಊರೆಲ್ಲ ಬಂದು ನೋಡುವ ದಿನ ಎರಡೂ ಅರ್ಧ ಒಂದೇ ಸಮ ಇರುತ್ತವೆ, ಆಗ ನಗುವುದು ಸೊಸೆಯನ್ನು ನೋಡಿ ಅಲ್ಲ, ಹುಲ್ಲಪ್ಪನ ಹೊಲವನ್ನು ನೋಡಿ.

ಉತ್ತರಿ ಮಳೆ ಬಿದ್ದು ನೆಲ ಹದಕ್ಕೆ ಬರುವ ಹೊತ್ತಿಗೆ, ಬೀಜ ಬೀಳುವ ಮೊದಲು, ಸುಧಾರಾಣಿ ತರಬೇತಿಗೆಂದು ಬಾಗಲಕೋಟೆಗೆ ಹೋದಳು, ಅಲ್ಲೇ ಉಳಿಯುವ ತರಬೇತಿ. ಅದೇ ವಾರ ಅವನ ತಂಗಿಯ ಮಗ ಬೀರೇಶ ಹಿಂಡು ಹೊಡೆದುಕೊಂಡು ಬಂದ. ಹುಲ್ಲಪ್ಪ ಅವನನ್ನು ಕೆಳಗಿನ ತುಂಡಿಗೇ ಕರೆದುಕೊಂಡು ಹೋಗಿ, ಮೂಡಣ ಅರ್ಧದ ಗೂಟಗಳನ್ನು ಕೋಲಿನಿಂದ ತೋರಿಸಿದ.

"ಲೇ ಬೀರ್ಯಾ, ಬಲಿ ಈ ಗೂಟದಿಂದ ಆಚಿ ಹಾಕು. ಈಚಿ ಒಂದ ಕುರಿನೂ ಮಲಗಬಾರದು ನೋಡು."

"ಅರ್ಧಕ್ಕ ಉಣಿಸಿ ಅರ್ಧಾ ಉಪಾಸ ಕೆಡವತಿಯೇನ ಮಾವ?"

"ಆಚಿ ಕಡೆ ನಿಮ್ಮ ವೈನಿ ಹುಳಾ ಬರಾವು ಅದಾವ. ಅವಕ್ಕ ಹಸಿವು ಭಾಳ ಅಂತ."

ಬೀರೇಶ ನಕ್ಕು ನಕ್ಕು ಬಲೆಯ ಹಗ್ಗ ಕೈಬಿಟ್ಟಿದ್ದ. ಹಿಂಡು ಅಲ್ಲಿ ಐದಾರು ರಾತ್ರಿ ಮಲಗಿತು. ಆಮೇಲೆ ಹುಲ್ಲಪ್ಪನೇ ನಿಂತು ಕುಂಟೆ ಹೊಡೆಸಿ ಹಿಕ್ಕಿಯನ್ನೆಲ್ಲ ಮಣ್ಣಲ್ಲಿ ಮುಚ್ಚಿಸಿದ. ಸೊಸೆ ಬಂದು ಕೇಳಿದಾಗ ಕುರಿ ನಿಂತದ್ದು ಮೇಲಿನ ಹೊಲದಲ್ಲಿ ಎಂದ. ಅವಳು ನಂಬಿದಳು. ಓದಿದವರು ಬೇಗ ನಂಬುತ್ತಾರೆಂಬುದು ಅವನ ಅಭಿಪ್ರಾಯವಾಗಿತ್ತು. ಅಲ್ಲಿಂದ ಇಲ್ಲಿಯ ತನಕ ಅವನಿಗೆ ಅದೊಂದು ಒಳಗಿನ ಸುಖ. ಮೂಡಣ ಅರ್ಧ ದಿನದಿನಕ್ಕೆ ಎದ್ದು ನಿಂತಾಗ ಸೊಸೆ ಪುಡಿಯ ಹೆಸರು ಹೇಳುವಳು, ಸಂಘದ ಹೆಂಗಸರು ತಲೆದೂಗುವರು, ಅವನು ಮೀಸೆಯೊಳಗೆ ನಗುವನು. ಅವಳ ಮಾನವನ್ನೂ ಉಳಿಸಿದ್ದೇನೆ, ಅವಳ ಹುಳದ ಯೋಗ್ಯತೆಯನ್ನೂ ತಿಳಿದಿದ್ದೇನೆ. ಅವನು ಮಾಡಬಲ್ಲ ಉಪಕಾರ ಅದು, ಪಡೆದವರಿಗೆ ಗೊತ್ತಾಗದಂಥದು, ತಾನು ಮಾತ್ರ ಚಪ್ಪರಿಸುವಂಥದು.

ಈಗ ಅನಿಲಕುಮಾರನ ಮುಂದೆ ಬೋಳು ಬೇರಿನ ಗಿಡಗಳ ಸಣ್ಣ ಗುಡ್ಡೆ ಬಿದ್ದಿತ್ತು. ಅವನು ಬೆವರು ಒರೆಸಿಕೊಂಡು ಗೂಟ ದಾಟಿ ಪಡುವಣ ಅರ್ಧಕ್ಕೆ ಹೋದ. ಅಲ್ಲಿಯ ಕಡಲೆ ಗೇಣುದ್ದ, ಬಣ್ಣ ತಿಳಿ. ಒಂದು ಗಿಡ ಅಗೆದು, ತೊಳೆದು, ಮೇಲೆತ್ತಿದ. ಬೇರಿನ ತುಂಬ ಸಾಸಿವೆಯಷ್ಟು, ಜೋಳದಷ್ಟು ಗಂಟುಗಳು ಅಂಟಿಕೊಂಡಿದ್ದವು. ಒಂದನ್ನು ಉಗುರಿನಿಂದ ಒಡೆದು ತೋರಿಸಿದ. ಒಳಗೆ ಕೆಂಪಗಿತ್ತು. ಕೆಂಪಗಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದು ಅರ್ಥ ಎಂದ, ಆದರೆ ಅವನ ದನಿಯಲ್ಲಿ ಉತ್ಸಾಹ ಇರಲಿಲ್ಲ.

ದುರಗವ್ವ ಸಂಘದ ಹಿರಿಯಳು, ಬಾಯಿ ಬಿಟ್ಟರೆ ಮುಚ್ಚುವವಳಲ್ಲ. ಅವಳು ಎರಡೂ ಕೈಗಳಲ್ಲಿ ಒಂದೊಂದು ಗಿಡ ಹಿಡಿದು ತೂಗಿದಳು. "ಅಂದ್ರ ಪುಡಿ ಹಚ್ಚಿದ್ರ ಗಂಟು ಇಲ್ಲ, ಹಚ್ಚಲಿಲ್ಲಂದ್ರ ಗಂಟು ಐತಿ. ನಮ್ಮ ಬೀಜಕ್ಕೆಲ್ಲಾ ಏನ ಬಳಿಸಿದಿ ಯವ್ವಾ ಸುಧಾ?"

ಹೆಂಗಸರು ನಕ್ಕರು. ನಗು ಅಲ್ಲಿಗೇ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಹೊಲಗಳಲ್ಲಿ ಕಡಲೆ ನಿಂತಿತ್ತು.

ಅನಿಲಕುಮಾರ ಸುಧಾರಾಣಿಯನ್ನು ಒಂದು ಕಡೆ ಕರೆದು ಮೆಲ್ಲಗೆ ಕೇಳತೊಡಗಿದ. ಯೂರಿಯಾ ಹಾಕಿದ್ದಿರಾ? ಇಲ್ಲ. ಪಾಕೀಟು ಬಿಸಿಲಿನಲ್ಲಿ ಇಟ್ಟಿದ್ದಿರಾ? ಇಲ್ಲ. ಪಾಕ ಬಿಸಿಯಿದ್ದಾಗ ಪುಡಿ ಕಲಸಿದ್ದಿರಾ? ಇಲ್ಲ. ಪುಡಿಯ ಜೀವ ಸತ್ತಿದ್ದರೂ ಮಣ್ಣಿನಲ್ಲೇ ಇರುವವು ನಾಲ್ಕು ಗಂಟನ್ನಾದರೂ ಕಟ್ಟಬೇಕಾಗಿತ್ತು, ಇದು ತನಗೂ ಅರ್ಥವಾಗುತ್ತಿಲ್ಲ ಎಂದು ಒಪ್ಪಿಕೊಂಡ. ಹುಡುಗನಲ್ಲಿ ಅಷ್ಟು ಪ್ರಾಮಾಣಿಕತೆ ಇತ್ತು. ಮಹೇಶ್ವರಿ ಮೇಡಂಗೆ ಅಷ್ಟು ತಾಳ್ಮೆ ಇರಲಿಲ್ಲ. ಅವಳು ಶಾಮಿಯಾನಾದ ಕುರ್ಚಿಯಿಂದ ಏಳದೆಯೇ, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು.

"ಸುಧಾರಾಣಿ, ಬೀಜಕ್ಕ ಒಂದ ಪುಡಿ ಹಚ್ಚೂದು ಬರಲಿಲ್ಲಂದ್ರ ನೀವು ಮಂದಿಗೆ ಏನ ಕಲಸ್ತೀರಿ? ಮುಂದಿನ ವರ್ಷಕ್ಕ ಬ್ಯಾರೆಯವರನ್ನ ನೋಡಬೇಕಾಗತೈತಿ."

ಸುಧಾರಾಣಿ ಕೊರಳ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು.

ಹುಲ್ಲಪ್ಪ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಆ ಮೇಡಂ ಆಡಿದ ಮಾತು ಅವನಿಗೆ ಹೊಸದಲ್ಲ. ವರ್ಷವಿಡೀ ಪಡಸಾಲೆಯಲ್ಲಿ ಕುಳಿತು ಅವನೇ ಆಡಿದ್ದ, ಇದಕ್ಕಿಂತ ಹೀನವಾಗಿ ಆಡಿದ್ದ. ಆದರೆ ಜೀಪಿನಲ್ಲಿ ಬಂದು, ತನ್ನ ಹೊಲದ ನೆರಳಲ್ಲಿ ಕುಳಿತು, ತನ್ನ ಮನೆಯ ಹಾಲಿನ ಚಹಾ ಕುಡಿದ ಈ ಹೆಂಗಸಿನ ಬಾಯಲ್ಲಿ ಅದು ಕೊಳೆತು ನಾರಿತು. ಹಾಗಂತ ಬಾಯಿ ಬಿಡುವ ಮನಸ್ಸೂ ಆಗಲಿಲ್ಲ. ಬಾಯಿ ಬಿಟ್ಟರೆ ಬೀರಪ್ಪನ ಕುರಿ ಕಣ್ಣಿಗೆ ಕಾಣದ ಹುಳದ ಮುಂದೆ ಅಪರಾಧಿಯಾಗಿ ನಿಲ್ಲಬೇಕು. ಕುರಿಯ ಹಿಕ್ಕಿಯಿಂದ ಯಾವ ಬೆಳೆಗೆ ಎಂದು ಕೇಡಾಗಿದೆ? ಹಸಿರು ಕಣ್ಣಿಗೆ ಹೊಡೆಯುವಂತೆ ನಿಂತಿರುವಾಗ ಗಂಟಿಲ್ಲ ಎಂದು ಅಳುವ ಇವರ ಬುದ್ಧಿಗೆ ಏನು ಹೇಳುವುದು?

ಅಷ್ಟರಲ್ಲಿ ಸುಧಾರಾಣಿ ಕುಕ್ಕರಗಾಲಿನಲ್ಲಿ ಕುಳಿತಳು. ಎರೆನೆಲ ಆಗಲೇ ಬಾಯಿ ಬಿಡತೊಡಗಿತ್ತು. ಮೂಡಣ ಅರ್ಧದ ಒಂದು ಬಿರುಕಿನೊಳಗೆ ಬೆರಳು ಹಾಕಿ ಕೆದರಿದಳು. ಏನನ್ನೋ ಎತ್ತಿಕೊಂಡು ಅಂಗೈಯಲ್ಲಿಟ್ಟು ತಿಕ್ಕಿದಳು, ಮೂಸಿದಳು. ಪಕ್ಕದ ಬಿರುಕಿಗೆ ಹೋದಳು, ಅಲ್ಲೂ ಸಿಕ್ಕಿತು. ಆಮೇಲೆ ಗೂಟ ದಾಟಿ ಪಡುವಣ ಅರ್ಧದಲ್ಲಿ ಹುಡುಕಿದಳು. ಅಲ್ಲಿ ಸಿಗಲಿಲ್ಲ. ಎದ್ದು ನಿಂತು ಒಡ್ಡಿನ ಮೇಲಿದ್ದ ಮಾವನನ್ನು ನೋಡಿದಳು. ಅವಳು ಅಳುತ್ತಾಳೆ, ಇಲ್ಲವೆ ಕಿರುಚುತ್ತಾಳೆ ಎಂದುಕೊಂಡು ಹುಲ್ಲಪ್ಪ ಅದಕ್ಕೆ ತಯಾರಾಗಿದ್ದ. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಕಾಳು ಹಸನು ಮಾಡುವಾಗ ಮೊರದಲ್ಲಿ ಉಳಿದ ಕಲ್ಲನ್ನು ನೋಡಿ, ಬೆರಳಿನಿಂದ ಎತ್ತಿ ಹೊರಗೆ ಹಾಕುವ ಮೊದಲು ಹೆಂಗಸರು ನೋಡುವ ಹಾಗೆ ನೋಡಿದಳು. ಆ ನೋಟ ಅವನಿಗೆ ಗೊತ್ತಿತ್ತು. ಅದು ಅವನದೇ.

ಅವಳು ಒಡ್ಡು ಹತ್ತಿ ಹತ್ತಿರ ಬಂದು, ಮುಷ್ಟಿ ಬಿಚ್ಚದೆ, ಅವನಿಗೊಬ್ಬನಿಗೇ ಕೇಳುವಂತೆ ಅಂದಳು: "ನೀವ ಹೇಳ್ತೀರೋ ಮಾವಾರ, ನಾ ಹೇಳ್ಲೋ?"

ಹುಲ್ಲಪ್ಪ ಇನ್ನೊಮ್ಮೆ ಉಗಿದ. ಒಡ್ಡಿಳಿದು, ಬೋಳು ಬೇರಿನ ಗುಡ್ಡೆಯ ಹತ್ತಿರ ಹೋಗಿ, ಕೋಲಿನ ತುದಿಯಿಂದ ಅದನ್ನು ಒಮ್ಮೆ ತಿರುವಿ ಹಾಕಿದ.

"ಆಕಿದೇನ ತಪ್ಪಿಲ್ಲ. ಕುರಿ ನಾ ತರುಬಿಸೇನಿ. ಈ ಅರ್ಧಕ್ಕಷ್ಟ. ಆಕಿ ಊರಾಗ ಇರಲಿಲ್ಲ." ಆಮೇಲೆ ಶಾಮಿಯಾನಾದ ಕಡೆ ತಿರುಗಿದ. "ನಿಮ್ಮ ಹುಳಾ ನಂಬ್ಕೊಂಡು ಕೂಡಾಕ ನನಗ ತಲಿ ಕೆಟ್ಟಿಲ್ಲ. ಕುರ್ಚಿ ಮ್ಯಾಲ ಕುಂತವರಿಗೆ ಕಡ್ಲಿ ಬುಡಾ ಕಾಣೂದಿಲ್ಲ, ಸುಮ್ಮ ಇರ್ರಿ ನೀವು."

ಬೈಗುಳದ ಧಾಟಿಯಲ್ಲೇ ಹೇಳಿದ್ದ. ಎದುರಿನವರಿಗೆ ಅವಮಾನವಾಗಲೆಂದೇ ಹೇಳಿದ್ದ. ಆದರೆ ಅನಿಲಕುಮಾರನ ಮುಖ ದೀಪ ಹಚ್ಚಿದಂತಾಯಿತು. ಅವನು ಹಾರಿ ಬಂದು ಹುಲ್ಲಪ್ಪನ ಕೈ ಹಿಡಿದುಕೊಂಡು, ಎಷ್ಟು ಕುರಿ, ಎಷ್ಟು ರಾತ್ರಿ ಎಂದು ಕೇಳಿದ. ಕೇಳಿಕೊಂಡು ಹೆಂಗಸರ ಕಡೆ ತಿರುಗಿದ. ಬೆಳಗಿನಿಂದ ಬಾಯಿಪಾಠ ಒಪ್ಪಿಸುತ್ತಿದ್ದವನು ಈಗ ಮನುಷ್ಯರ ಹಾಗೆ ಮಾತಾಡತೊಡಗಿದ.

"ನೋಡ್ರಿ, ಮನಿ ಬಾಗಲಿಗೆ ದಿನಾ ಬಿಸಿ ರೊಟ್ಟಿ ಬರ್ತಾವು ಅಂದ್ರ ಯಾರರೆ ಒಲಿ ಹಚ್ಚತಾರೇನ್ರಿ? ಕಡ್ಲೀನೂ ಹಂಗ. ಕುರಿ ಉಚ್ಚಿಯೊಳಗ ಸಾರಜನಕ ಬೇಕಾದಷ್ಟು ಸಿಕ್ತು, ಗಿಡಾ ಗಂಟು ಕಟ್ಟಾಕ ಬಿಡಲೇ ಇಲ್ಲ. ಈ ಜೀವಕ್ಕ ಬಾಗಲಾ ಹಾಕಿಬಿಡ್ತು. ಅದಕ್ಕ ನಾವು ಯೂರಿಯಾ ಬ್ಯಾಡ ಅನ್ನೂದು."

ಕುರಿ ಕೆಟ್ಟದ್ದಲ್ಲ, ಜೋಳಕ್ಕೆ ತರುಬಿಸಿರಿ, ಕಡಲೆಗೆ ಬೇಡ ಎಂದೂ ಸೇರಿಸಿದ. ಈ ಹಸಿರಿಗೆ ಮರುಳಾಗಬೇಡಿ, ಸೊಪ್ಪು ಹೆಚ್ಚಾಗಿದೆ, ಹೂವು ಎಷ್ಟಿವೆ ನೋಡಿರಿ ಎಂದಾಗ ಹೆಂಗಸರು ಬಾಗಿ ಎಲೆ ಸರಿಸಿ ನೋಡಿದರು. ಪಡುವಣ ಅರ್ಧದ ಗೇಣುದ್ದದ ಗಿಡಗಳಲ್ಲಿ ಹೂವು ಹೆಚ್ಚಿದ್ದವು. ಹುಲ್ಲಪ್ಪ ಇಷ್ಟು ದಿನ ಅವನ್ನು ನೋಡಿರಲಿಲ್ಲ. ನೋಡುವ ಯೋಗ್ಯತೆ ಆ ಅರ್ಧಕ್ಕಿದೆ ಎಂದು ಅನಿಸಿರಲಿಲ್ಲ. ಹಾಗಾದರೆ ಪುಡಿ ಹಚ್ಚಿದ ಗಂಟು ಹೇಗಿರುತ್ತದೆಂದು ನೋಡಲು ಎಲ್ಲರೂ ದುರಗವ್ವನ ಹೊಲಕ್ಕೆ ನಡೆದರು. ಅವಳು ಯಾವ ಗೊಬ್ಬರಕ್ಕೂ ಗತಿಯಿಲ್ಲದವಳು, ಬರೀ ಪುಡಿ ಹಚ್ಚಿ ಬಿತ್ತಿದ್ದಳು. ಅಲ್ಲಿ ಅಗೆದ ಗಿಡದ ಬೇರಿನಲ್ಲಿ ಗಂಟುಗಳು ಹುತ್ತದಂತೆ ಒಂದರ ಮೇಲೊಂದು ಕೂತಿದ್ದವಂತೆ. ಹುಲ್ಲಪ್ಪ ಹೋಗಲಿಲ್ಲ. ಅಲ್ಲಿಂದ ಬಂದ ಹೆಂಗಸರ ಗದ್ದಲವನ್ನು ಕೇಳಿದ ಅಷ್ಟೆ.

ಹೊರಡುವ ಮುಂಚೆ ಫೋಟೋ ಆಯಿತು. ಸುಧಾರಾಣಿಯ ಕೈಯಲ್ಲಿ ಗಂಟು ತುಂಬಿದ ಬೇರು, ಹುಲ್ಲಪ್ಪನ ಕೈಯಲ್ಲಿ ಬೋಳು ಬೇರು. ಅವನು ಒಲ್ಲೆ ಎನ್ನುವುದರೊಳಗೆ ಅನಿಲಕುಮಾರ ಗಿಡವನ್ನು ಅವನ ಕೈಗೆ ತುರುಕಿ, "ಸ್ವಲ್ಪ ಎತ್ತಿ ಹಿಡೀರಿ ಯಜಮಾನ್ರ, ಬೇರು ಕಾಣ್ಲಿ" ಎಂದಿದ್ದ. ಮಹೇಶ್ವರಿ ಮೇಡಂ ಈಗ ಕುರ್ಚಿಯಿಂದ ಎದ್ದು ಬಂದು ಸುಧಾರಾಣಿಯ ಹೆಗಲ ಮೇಲೆ ಕೈಯಿಟ್ಟು ನಿಂತಳು. ಇಂಥ ಪ್ರಯೋಗ ಬೇರೆ ಯಾವ ಊರಲ್ಲೂ ಆಗಿಲ್ಲ, ಮುಂದಿನ ವರ್ಷವೂ ನೀವೇ ಇರಬೇಕು ಎಂದಳು. ಅಷ್ಟು ಬೇಗ ನಾಲಿಗೆ ಹೊರಳಿಸುವವರನ್ನು ಹುಲ್ಲಪ್ಪ ಸಂತೆಯ ದಲ್ಲಾಳಿಗಳಲ್ಲಿಯೂ ಕಂಡಿರಲಿಲ್ಲ. ಆದರೆ ತಿರಸ್ಕಾರ ಎಂದಿನಂತೆ ಬಾಯಿಗೆ ರುಚಿ ಕೊಡಲಿಲ್ಲ.

ಮನೆಯಲ್ಲಿ ಸಾವಂತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಅಂದಳು: "ಊರ ಮುಂದ ಬೋಳ ಬೇರ ಹಿಡಕೊಂಡು ನಿಂತಿದ್ರಂತ. ರುಮಾಲು ಚಂದ ಸುತ್ತಿಕೊಂಡು ಹೋಗಿದ್ದು ಚೊಲೋ ಆತು." ಸುಧಾರಾಣಿ ಎಂದಿನಂತೆ ಮೊದಲು ಅವನಿಗೇ ಬಡಿಸಿದಳು. ಎಂದಿನಂತೆ ಎರಡನೆಯ ರೊಟ್ಟಿ ಬೇಕೇ ಎಂದು ಕೇಳಿದಳು. ಬೈಯುತ್ತಾಳೆಂದು ಕಾದರೆ ಬೈಯಲಿಲ್ಲ. ಬೈಯುವಷ್ಟು ಲೆಕ್ಕಕ್ಕೂ ಹಿಡಿಯಲಿಲ್ಲ.

ಹೊತ್ತು ಮುಳುಗುವ ಮುನ್ನ ಹುಲ್ಲಪ್ಪ ಮತ್ತೆ ಹೊಲಕ್ಕೆ ಬಂದ. ಶಾಮಿಯಾನಾದ ಗುಂಡಿಗಳು, ಚಹಾದ ಲೋಟಗಳು, ಬೂಟಿನ ಗುರುತುಗಳು. ಅತ್ತಿತ್ತ ನೋಡಿ, ಪಡುವಣ ಅರ್ಧದ ಸಾಲಿನಲ್ಲಿ ಕುಳಿತು, ಕೋಲಿನ ತುದಿಯಿಂದ ಒಂದು ಗಿಡದ ಬುಡ ಸಡಿಲಿಸಿ ಎತ್ತಿದ. ಹುಟ್ಟಿದಾಗಿನಿಂದ ಕಡಲೆ ಬಿತ್ತಿದ್ದ, ಕಿತ್ತಿದ್ದ. ಬೇರು ತಿರುಗಿಸಿ ನೋಡಿರಲಿಲ್ಲ. ಒಂದು ಗಂಟನ್ನು ಹೆಬ್ಬೆರಳಿನ ಉಗುರಿನಿಂದ ಒಡೆದ. ಉಗುರಿನ ಅಂಚಿಗೆ ಕೆಂಪು ಹತ್ತಿತು. ಕುರಿಮರಿಯ ಕಿವಿಗೆ ಗುರುತು ಕೊಯ್ಯುವಾಗ ಬರುವಷ್ಟು, ಒಂದೇ ಒಂದು ಹನಿಯಷ್ಟು. ಇದೊಂದು ಹಿಂಗ ಇರಬೇಕು ಎಂದುಕೊಂಡು ಇನ್ನೊಂದು ಗಿಡ ಎತ್ತಿದ. ಮತ್ತೊಂದು. ಎಲ್ಲ ಗಂಟುಗಳೂ ಒಳಗೆ ಕೆಂಪಗಿದ್ದವು.

ಬಂದು ನೋಡಿದ್ದು ಯಾರಿಗೂ ತಿಳಿಯಬಾರದೆಂದು, ಎತ್ತಿದ ಗಿಡಗಳನ್ನೆಲ್ಲ ಅವವೇ ಕುಣಿಗಳಲ್ಲಿ ನಿಲ್ಲಿಸಿ, ಮಣ್ಣು ಎಳೆದು, ಅಂಗಾಲಿನಿಂದ ಒತ್ತಿದ.

ಮರುದಿನದ ಬಿಸಿಲಿಗೆ ಅವು ಬಾಡಿದವು. ಹಸಿರು ಸಾಲಿನ ನಡುವೆ ಅಷ್ಟೂ ಗಿಡಗಳು ತಲೆ ಕೆಳಗೆ ಹಾಕಿ ನಿಂತದ್ದು ಒಡ್ಡಿನ ಮೇಲಿಂದಲೇ ಕಾಣುತ್ತಿತ್ತು. ಸುಧಾರಾಣಿ ಮಧ್ಯಾಹ್ನ ಹೊಲದ ಕಡೆ ಹೋದವಳು ಬರಿಗೈಲಿ ಬರಲಿಲ್ಲ.

ಸಂಜೆ ತಂಪು ಬಿದ್ದಾಗ ಹುಲ್ಲಪ್ಪ ಪಡಸಾಲೆಯ ಗೂಟದ ಮೇಲಿನ ಕಂಬಳಿಗೆ ಕೈ ಹಾಕಿದ. ಕಂಬಳಿಯ ಮೇಲೆ, ಅದೇ ಗೂಟಕ್ಕೆ, ಬಾಡಿದ ಕಡಲೆ ಗಿಡಗಳ ಒಂದು ಹಿಡಿ ಕಟ್ಟು ನೇತಾಡುತ್ತಿತ್ತು. ಬುಡ ಮೇಲಾಗಿ, ಬೇರು ತೊಳೆದು, ಕೆಂಪು ಸೆರಗಿನ ಚಿಂದಿಯಿಂದ ಕಟ್ಟಿದ್ದು. ಒಳಗೆ ಅತ್ತೆ ಸೊಸೆ ಮಾತಾಡಿಕೊಳ್ಳುತ್ತಿದ್ದರು, ಕಡಲೆಯ ಸುದ್ದಿಯಲ್ಲ. ಅವನು ಒಂದು ಕೈಯಲ್ಲಿ ಕಟ್ಟನ್ನು ಎತ್ತಿ ಹಿಡಿದು, ಗಂಟುಗಳು ಉದುರದ ಹಾಗೆ, ಇನ್ನೊಂದು ಕೈಯಿಂದ ಅದರ ಕೆಳಗಿನ ಕಂಬಳಿಯನ್ನು ಮೆಲ್ಲಗೆ ಎಳೆದುಕೊಂಡ.